ಹಳದಿ-ಕೆಂಪು ಹೂವಿನ ಆಸ್ಟ್ರೇಲಿಯನ್ ಪೊದೆಯನ್ನು ಗುರುತಿಸಿ ಬರೆದಿಡುವುದು ಹೇಗೆ: ಡಿಲ್ವಿನಿಯಾ ರೆಟಾರ್ಟಾ ಮುಂದಿಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಆಗಸ್ಟ್ ಬಂತೆಂದರೆ ಸಿಡ್ನಿ ಸುತ್ತಲಿನ ಮರಳುಗಲ್ಲಿನ ಗುಡ್ಡಗಳಲ್ಲಿ ಕುರುಚಲು ಗಿಡಗಳು ಹಳದಿಯಾಗತೊಡಗುತ್ತವೆ. ಹತ್ತಿರ ಹೋದರೆ ಹಳದಿ ದಳದ ನಡುವೆ ಕೆಂಪು. ಊರಲ್ಲಿ ತೊಗರಿ ಹೊಲ ನೋಡಿದವರಿಗೆ ಈ ಹೂವಿನ ಗುರುತು ಕೂಡಲೇ ಹತ್ತುತ್ತದೆ: ಅದೇ ಬಣ್ಣ, ಅದೇ ಆಕಾರ, ಗಾತ್ರ ಮಾತ್ರ ಚಿಕ್ಕದು. ಇಲ್ಲಿನ ಜನ ಇಂಥ ಗಿಡಗಳನ್ನೆಲ್ಲ ಸಾರಾಸಗಟಾಗಿ ‘ಎಗ್ಸ್ ಆ್ಯಂಡ್ ಬೇಕನ್’ (ಮೊಟ್ಟೆ ಮತ್ತು ಹಂದಿಮಾಂಸ) ಎಂದು ಕರೆದು ಮುಂದೆ ನಡೆದುಬಿಡುತ್ತಾರೆ. ಆ ಒಂದು ಹೆಸರಿನಡಿ ಡಿಲ್ವಿನಿಯಾ, ಪುಲ್ಟೆನಿಯಾ, ಡೇವಿಸಿಯಾ, ಏಯೋಟಸ್, ಫಿಲೋಟಾ, ಬಾಸಿಯಾ ಹೀಗೆ ಹಲವು ಕುಲಗಳ ಗಿಡಗಳು ಗುಂಪುಗೂಡಿವೆ. ದಾರಿಯಲ್ಲಿ ನಿಂತು ನೋಡಿದರೆ ಎಲ್ಲವೂ ಒಂದೇ ಥರ.

ಅವುಗಳನ್ನು ಬೇರ್ಪಡಿಸಿ, ಸಸ್ಯಶಾಸ್ತ್ರದ ರೀತಿಯಲ್ಲಿ ಒಂದು ವರ್ಣನೆ ಬರೆಯುವುದನ್ನು ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ಉದಾಹರಣೆಗೆ ಆಯ್ದುಕೊಂಡಿರುವುದು ಡಿಲ್ವಿನಿಯಾ ರೆಟಾರ್ಟಾ. ನ್ಯೂ ಸೌತ್ ವೇಲ್ಸ್‌ನ ಕರಾವಳಿ ಮತ್ತು ಬೆಟ್ಟಸಾಲುಗಳಲ್ಲಿ, ಕ್ವೀನ್ಸ್‌ಲ್ಯಾಂಡ್‌ನ ಆಗ್ನೇಯ ಭಾಗದವರೆಗೂ ಸಿಗುವ ಪೊದೆ ಇದು. ರಾಯಲ್ ನ್ಯಾಷನಲ್ ಪಾರ್ಕ್, ಕುರಿಂಗೈ ಚೇಸ್, ಬ್ಲೂ ಮೌಂಟನ್ಸ್ ಕಡೆ ವಾರಾಂತ್ಯಕ್ಕೆ ಹೋಗುವವರು ಇದರ ಪಕ್ಕದಲ್ಲೇ ನಡೆದಿರುತ್ತೀರಿ.

ಮೊದಲೇ ಒಂದು ಮಾತು: ಹೂವನ್ನು ಕೊನೆಗೆ ನೋಡಿ. ಎಲ್ಲರ ಕಣ್ಣೂ ಮೊದಲು ಹೂವಿಗೇ ಹೋಗುತ್ತದೆ, ಫೋಟೊ ತೆಗೆಯುವುದೂ ಅದನ್ನೇ. ಆದರೆ ಈ ಗುಂಪಿನಲ್ಲಿ ಹೂವಿನ ಬಣ್ಣದಿಂದ ತಿಳಿಯುವುದು ತೀರ ಕಡಿಮೆ. ಎಲೆಯ ಅಂಚು ಯಾವ ಕಡೆ ಮಡಚಿದೆ, ಎಲೆಯ ಬುಡದಲ್ಲಿ ಏನಿದೆ, ಹೂವಿನ ಹಸಿರು ಬಟ್ಟಲಿಗೆ ಏನು ಅಂಟಿದೆ, ಕೇಸರಗಳು ಬಿಡಿಯೋ ಕೂಡಿವೆಯೋ ಎಂಬುದರಲ್ಲೇ ಗುರುತು ಇರುವುದು.

ಹೊರಡುವ ಮುನ್ನ

ಬೇಕಾದ ಸಾಮಾನು ಹೆಚ್ಚೇನಿಲ್ಲ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್, ಮಿಲಿಮೀಟರ್ ಗೆರೆಗಳಿರುವ ಸಣ್ಣ ಸ್ಕೇಲು, ಹೊಲಿಗೆ ಸೂಜಿ, ಪೆನ್ಸಿಲ್ಲು, ನೋಟ್‌ಬುಕ್ಕು. ಇವುಗಳಲ್ಲಿ ಯಾವುದನ್ನು ಬಿಟ್ಟರೂ ಲೂಪ್ ಮಾತ್ರ ಬಿಡಬೇಡಿ. ಮೊಬೈಲ್ ಜೂಮ್ ಅದರ ಕೆಲಸ ಮಾಡುವುದಿಲ್ಲ. ಲೂಪನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ರೆಂಬೆಯನ್ನು ಅದರತ್ತ ತರಬೇಕು. ಲೂಪನ್ನು ಗಿಡದ ಹತ್ತಿರ ಒಯ್ದು ದೂರದಿಂದ ಇಣುಕಿದರೆ ಏನೂ ಕಾಣದು.

ರಾಷ್ಟ್ರೀಯ ಉದ್ಯಾನಗಳಲ್ಲಿ ಪರವಾನಗಿ ಇಲ್ಲದೆ ಒಂದು ಎಲೆಯನ್ನೂ ಕೀಳುವಂತಿಲ್ಲ. ಹಾಗಾಗಿ ಗಿಡದ ಮೇಲೆಯೇ ಇರುವ ಹೂವನ್ನು ಮೆಲ್ಲಗೆ ಬಿಡಿಸಿ ನೋಡಬೇಕು. ಹೂ ಕಿತ್ತು ಬಿಡಿಸಿ ಕಲಿಯಬೇಕೆಂದರೆ ಹಿತ್ತಲಿನ ಬಟಾಣಿಯೋ ಅವರೆಯೋ ಸಾಕು, ಅಥವಾ ಸ್ಥಳೀಯ ಗಿಡಗಳನ್ನು ಮಾರುವ ನರ್ಸರಿಯಿಂದ ಒಂದು ಕುಂಡ ತಂದಿಟ್ಟುಕೊಳ್ಳಿ.

ಬೂಟಿನ ಮಣ್ಣನ್ನು ಕಾಡಿಗೆ ಹೋಗುವ ಮುಂಚೆಯೂ ಬಂದ ಮೇಲೂ ಉಜ್ಜಿ ತೆಗೆಯಿರಿ. ಫೈಟಾಫ್ತೊರಾ ಸಿನ್ನಮೋಮಿ ಎಂಬ ಬೇರು ಕೊಳೆಸುವ ಸೂಕ್ಷ್ಮಜೀವಿ ಮಣ್ಣಿನ ಜೊತೆ ಹರಡುತ್ತದೆ, ಆಸ್ಟ್ರೇಲಿಯಾದ ಕುರುಚಲು ಕಾಡುಗಳಿಗೆ ಇದು ದೊಡ್ಡ ಪಿಡುಗು. ನಮ್ಮ ಮಲೆನಾಡಿನ ಅಡಿಕೆಗೆ ಕೊಳೆರೋಗ ತರುವುದೂ ಇದೇ ಕುಲದ ಜೀವಿ, ಆದ್ದರಿಂದ ಇದರ ಗಂಭೀರತೆಯನ್ನು ತೋಟದವರಿಗೆ ಬಿಡಿಸಿ ಹೇಳಬೇಕಿಲ್ಲ. ಪೊದೆಗಳ ನಡುವೆ ನುಗ್ಗುವವರು ತುಂಬು ತೋಳಿನ ಅಂಗಿ ಹಾಕಿ. ಉಣ್ಣೆ ಹುಳು, ಮಲೆನಾಡಿನವರು ಉಣುಗು ಅನ್ನುವುದು, ಸಿಡ್ನಿಯ ಕರಾವಳಿ ಕಾಡಿನಲ್ಲೂ ಇದೆ.

ಹಂತ 1: ನಾಲ್ಕು ಹೆಜ್ಜೆ ದೂರದಿಂದ

ಗಿಡವನ್ನು ಮುಟ್ಟುವ ಮೊದಲು ಅದು ನಿಂತ ಜಾಗ ಬರೆಯಿರಿ. ಮಣ್ಣು ಮರಳೋ ಜೇಡಿಯೋ, ಇಳಿಜಾರೋ ಬಂಡೆಯ ಅಂಚೋ, ಸುತ್ತ ಯೂಕಲಿಪ್ಟಸ್ ಇದೆಯೋ ಅಥವಾ ಮರವಿಲ್ಲದ ಬರೀ ಕುರುಚಲೋ. ಡಿಲ್ವಿನಿಯಾ ರೆಟಾರ್ಟಾ ಸಾಮಾನ್ಯವಾಗಿ ಮರಳುಗಲ್ಲಿನ ಮೇಲಿನ ಸಾರವಿಲ್ಲದ ಮಣ್ಣಿನಲ್ಲಿ ಬೆಳೆಯುತ್ತದೆ. ಆ ಮಣ್ಣಿನಲ್ಲಿ ರಂಜಕ ತೀರ ಕಡಿಮೆ, ಸಾರಜನಕವೂ ಅಷ್ಟಕ್ಕಷ್ಟೇ. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದುಕೊಡುವುದರಿಂದ ಬಟಾಣಿ ಕುಟುಂಬದ ಗಿಡಗಳು ಅಲ್ಲಿ ತಳವೂರಿವೆ.

ಆಮೇಲೆ ಗಿಡದ ನಿಲುವು. ನೇರವಾಗಿ ಎದ್ದಿದೆಯೇ, ಹರಡಿಕೊಂಡಿದೆಯೇ, ನೆಲಕ್ಕೆ ಒರಗಿದೆಯೇ? ರೆಟಾರ್ಟಾ ನೇರವಾಗಿಯೋ ಹರಡಿಕೊಂಡೋ ಬೆಳೆಯುವ ಪೊದೆ, 3 ಮೀಟರ್‌ವರೆಗೂ ಹೋಗುವುದುಂಟು, ದಾರಿ ಬದಿಯಲ್ಲಿ ಕಾಣುವುದು ಹೆಚ್ಚಾಗಿ ಎದೆಯೆತ್ತರದೊಳಗೆ. ಗಾಳಿ ಬಡಿಯುವ ಕಡಲ ಬಂಡೆಗಳ ಮೇಲೆ ಇನ್ನೂ ಕುಳ್ಳು. ಎತ್ತರವನ್ನು ಅಂದಾಜಿನಲ್ಲೇ ಬರೆಯಿರಿ, ಅದಕ್ಕಿಂತ ಹೆಚ್ಚಿನ ನಿಖರತೆ ಇಲ್ಲಿ ಬೇಡ.

ಹಂತ 2: ಎಳೆಯ ರೆಂಬೆ

ಇದು ಬೇಗ ಮುಗಿಯುತ್ತದೆ. ಹಳೆಯ ಕಾಂಡ ಬಿಟ್ಟು ಈ ವರ್ಷದ ಎಳೆಯ ರೆಂಬೆ ನೋಡಿ: ದುಂಡಗಿದೆಯೇ, ಚಪ್ಪಟೆಯೇ, ಏಣುಗಳಿವೆಯೇ, ರೋಮ ಇದೆಯೇ, ಇದ್ದರೆ ಮೈಗೆ ಒತ್ತಿಕೊಂಡಿದೆಯೇ ನಿಂತಿದೆಯೇ. ಕೆಲವು ಬಾಸಿಯಾಗಳ ರೆಂಬೆ ಪಟ್ಟಿಯಂತೆ ಚಪ್ಪಟೆಯಾಗಿರುತ್ತದೆ. ಅಂಥದ್ದು ಸಿಕ್ಕರೆ ಡಿಲ್ವಿನಿಯಾದ ಮಾತು ಅಲ್ಲಿಗೇ ಮುಗಿಯಿತು.

ಹಂತ 3: ಎಲೆ. ಇಲ್ಲಿ ಆತುರ ಬೇಡ

ಒಂದು ಎಲೆಯನ್ನು ಎರಡು ಬೆರಳ ನಡುವೆ ಮೆಲ್ಲಗೆ ಹೊರಳಿಸಿ. ಡಿಲ್ವಿನಿಯಾದ ಎಲೆ ದುಂಡಗಿನ ಕಡ್ಡಿಯ ಹಾಗೆ ಹೊರಳುತ್ತದೆ, ಚಪ್ಪಟೆ ಎಲೆ ಹಾಗೆ ಹೊರಳುವುದಿಲ್ಲ. ಈಗ ಲೂಪ್ ಹಿಡಿದು ಎಲೆಯ ಮೇಲ್ಭಾಗ ನೋಡಿ. ಬುಡದಿಂದ ತುದಿಯವರೆಗೆ ಒಂದು ಸಣ್ಣ ಗೀರು ಕಾಣುತ್ತದೆ. ಎಲೆಯ ಎರಡೂ ಅಂಚುಗಳು ಮೇಲ್ಮುಖವಾಗಿ ಸುರುಳಿ ಸುತ್ತಿ ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದಿವೆ, ಎಲೆಯ ಮೇಲ್ಮೈ ಪೂರ್ತಿ ಆ ಗೀರಿನೊಳಗೆ ಅಡಗಿದೆ. ಹೊರಗೆ ನಿಮಗೆ ಕಾಣುತ್ತಿರುವುದೆಲ್ಲ ಕೆಳಮೈ. ಬಿಸಿಲು ಗಾಳಿಗೆ ನೀರು ಕಳೆದುಕೊಳ್ಳುವುದನ್ನು ಇದು ತಗ್ಗಿಸುತ್ತದೆ.

ಗೀರು ಮೇಲಿದೆಯೋ ಕೆಳಗಿದೆಯೋ ಎಂಬುದೇ ಈ ಹಂತದ ಮುಖ್ಯ ಪ್ರಶ್ನೆ. ಏಯೋಟಸ್ ಮತ್ತು ಫಿಲೋಟಾ ಕೂಡ ಇದೇ ಜಾಗದಲ್ಲಿ, ಇದೇ ಕಾಲದಲ್ಲಿ ಹಳದಿ ಹೂ ಬಿಡುತ್ತವೆ, ಅವುಗಳ ಎಲೆಯೂ ಸಣ್ಣದು, ಸಪೂರ. ಆದರೆ ಅವುಗಳ ಅಂಚು ಕೆಳಮುಖವಾಗಿ ಮಡಚಿರುತ್ತದೆ. ಎಲೆಯನ್ನು ತಿರುಗಿಸಿ ನೋಡಿದ ಕೂಡಲೇ ಗೊತ್ತಾಗುತ್ತದೆ. ಏಯೋಟಸ್ ಎರಿಕಾಯ್ಡಿಸ್‌ನಲ್ಲಿ ಎಷ್ಟೋ ಕಡೆ ಮೂರು ಮೂರು ಎಲೆ ಒಂದೇ ಗಿಣ್ಣಿನ ಸುತ್ತ ಕೂತಿರುತ್ತವೆ, ಡಿಲ್ವಿನಿಯಾದಲ್ಲಿ ಗಿಣ್ಣಿಗೊಂದರಂತೆ ಪರ್ಯಾಯವಾಗಿ.

ಡಿಲ್ವಿನಿಯಾ ಎಂದು ಖಚಿತವಾದ ಮೇಲೆ, ಯಾವ ಡಿಲ್ವಿನಿಯಾ? ಎಲೆಯ ಗೀರನ್ನು ಬುಡದಿಂದ ತುದಿಗೆ ಕಣ್ಣಲ್ಲೇ ಹಿಂಬಾಲಿಸಿ. ರೆಟಾರ್ಟಾದಲ್ಲಿ ಅದು ನೇರ ಹೋಗದೆ ಪಕ್ಕಕ್ಕೆ ಹೊರಳುತ್ತದೆ, ಎಲೆಯ ಹಿಂಬದಿಗೆ ಜಾರುತ್ತದೆ, ಎಲೆಯೇ ತಿರುಚಿಕೊಂಡಿದೆ. ಎಲ್ಲ ಎಲೆಗಳೂ ಒಂದೇ ಸಮ ತಿರುಚಿರುವುದಿಲ್ಲ. ರೆಂಬೆಯ ನಡುವಿನ, ಚೆನ್ನಾಗಿ ಬಲಿತ ಎಲೆಗಳನ್ನು ನೋಡಿ, ಚಿಗುರನ್ನು ನಂಬಬೇಡಿ. ಡಿಲ್ವಿನಿಯಾ ಗ್ಲಾಬರಿಮಾದಲ್ಲಿ ಎಲೆ ನೇರ, ತುದಿ ಮಾತ್ರ ಹಿಂದಕ್ಕೆ ಬಾಗಿರುತ್ತದೆ. ಡಿಲ್ವಿನಿಯಾ ಫ್ಲೋರಿಬಂಡಾದಲ್ಲಿ ಎಲೆಯ ಮೈಮೇಲೆ ಸಣ್ಣ ಸಣ್ಣ ಗುಳ್ಳೆಗಳಂಥ ಉಬ್ಬುಗಳಿರುತ್ತವೆ. ಡಿಲ್ವಿನಿಯಾ ಸೆರಿಸಿಯಾ ರೋಮಮಯ. ಡಿಲ್ವಿನಿಯಾ ಫಿಲಿಕಾಯ್ಡಿಸ್ ಮಾತ್ರ ತಲೆ ತಿನ್ನುತ್ತದೆ: ಅದರ ಎಲೆಯೂ ತಿರುಚಿದೆ, ಅದನ್ನು ಒಂದು ಕಾಲದಲ್ಲಿ ರೆಟಾರ್ಟಾದ ಒಂದು ಬಗೆ ಎಂದೇ ಎಣಿಸಿದ್ದರು. ಅಲ್ಲಿ ಎಲೆಯ ಉಬ್ಬು, ರೋಮಗಳನ್ನೂ ಗಿಡ ಬೆಳೆದ ಸೀಮೆಯನ್ನೂ ಒಟ್ಟಿಗೆ ನೋಡಬೇಕು.

ಅಳತೆ ತೆಗೆಯುವಾಗ ಒಂದು ಎಲೆ ಸಾಲದು. ಬೇರೆ ಬೇರೆ ರೆಂಬೆಗಳಿಂದ ಐದಾರು ಬಲಿತ ಎಲೆ ಅಳೆದು, ಅತಿ ಚಿಕ್ಕದನ್ನೂ ಅತಿ ದೊಡ್ಡದನ್ನೂ ಬರೆಯಿರಿ. ರೆಟಾರ್ಟಾದ ಎಲೆ ಸಾಮಾನ್ಯವಾಗಿ 4 ರಿಂದ 12 ಮಿಲಿಮೀಟರ್ ಉದ್ದ. ‘ಸರಾಸರಿ 8’ ಎಂದು ಬರೆದರೆ ಓದುವವರಿಗೆ ಉಪಯೋಗವಿಲ್ಲ, ‘4–12’ ಎಂದರೆ ಅವರ ಕೈಲಿರುವ ಗಿಡ ಆ ಮಿತಿಯಲ್ಲಿದೆಯೇ ಎಂದು ತಾಳೆ ನೋಡಬಹುದು.

ಹಂತ 4: ಎಲೆ ರೆಂಬೆಗೆ ಕೂಡುವ ಜಾಗ

ಎಲೆಯ ಬುಡದ ಎರಡೂ ಪಕ್ಕ ಲೂಪ್ ಹಿಡಿದು ನೋಡಿ. ಕಂದು ಬಣ್ಣದ, ಒಣ ಕಾಗದದಂಥ ಪುಟ್ಟ ಚೂರುಗಳ ಜೋಡಿ ಇದ್ದರೆ ಅವು ಸ್ಟಿಪ್ಯೂಲ್‌ಗಳು, ಮತ್ತು ನಿಮ್ಮ ಮುಂದಿರುವುದು ಬಹುಪಾಲು ಪುಲ್ಟೆನಿಯಾ. ಡಿಲ್ವಿನಿಯಾದಲ್ಲಿ ಸ್ಟಿಪ್ಯೂಲ್ ಇರುವುದಿಲ್ಲ, ಇದ್ದರೂ ಕಾಣಿಸದಷ್ಟು ಸಣ್ಣದು.

ಈ ಎರಡು ಕುಲಗಳ ಗೊಂದಲ ಹೊಸದೇನಲ್ಲ. ಜರ್ಮನಿಯ ಸಸ್ಯಶಾಸ್ತ್ರಜ್ಞ ವೆಂಡ್‌ಲ್ಯಾಂಡ್ 1799ರಲ್ಲಿ ಈ ಗಿಡವನ್ನು ಮೊದಲ ಬಾರಿಗೆ ವರ್ಣಿಸಿದಾಗ ಅದಕ್ಕಿಟ್ಟ ಹೆಸರೇ ಪುಲ್ಟೆನಿಯಾ ರೆಟಾರ್ಟಾ. ಡಿಲ್ವಿನಿಯಾ ಎಂಬ ಕುಲವನ್ನು ಜೇಮ್ಸ್ ಎಡ್ವರ್ಡ್ ಸ್ಮಿತ್ 1805ರಲ್ಲಿ ಸ್ಥಾಪಿಸಿದರು, ವೇಲ್ಸ್‌ನ ಸ್ವಾನ್ಸಿಯಲ್ಲಿ ಪಿಂಗಾಣಿ ಕಾರ್ಖಾನೆ ನಡೆಸುತ್ತಿದ್ದ ಸಸ್ಯಾಸಕ್ತ ಲೂಯಿಸ್ ವೆಸ್ಟನ್ ಡಿಲ್ವಿನ್ ಅವರ ಗೌರವಕ್ಕೆ. ರೆಟಾರ್ಟಾ ಈಗಿನ ಹೆಸರಿಗೆ ಬಂದದ್ದು 1917ರಲ್ಲಿ, ಸಸ್ಯಶಾಸ್ತ್ರಜ್ಞ ಡ್ರೂಸ್ ಅವರ ಕೈಯಲ್ಲಿ.

ಎಲೆಯ ಜಾಗದಲ್ಲಿ ಮುಳ್ಳಿನಂತೆ ಚುಚ್ಚುವ ಗಟ್ಟಿ ಅಂಗ ಸಿಕ್ಕರೆ ಡೇವಿಸಿಯಾ ಇರಬಹುದೆಂದು ಗುರುತು ಹಾಕಿಕೊಳ್ಳಿ. ಡೇವಿಸಿಯಾದಲ್ಲಿ ಎಲೆಯಂತೆ ಕಾಣುವುದು ನಿಜಕ್ಕೂ ಫಿಲೋಡ್, ಅಂದರೆ ಎಲೆಯ ಕೆಲಸ ಮಾಡುವಂತೆ ಮಾರ್ಪಟ್ಟ ತೊಟ್ಟು. ಹಾಗಂತ ಎಲ್ಲ ಡೇವಿಸಿಯಾವೂ ಚುಚ್ಚುವುದಿಲ್ಲ: ಡೇವಿಸಿಯಾ ಯುಲಿಸಿಫೋಲಿಯಾ ಕೈ ಗೀರುತ್ತದೆ, ಡೇವಿಸಿಯಾ ಲ್ಯಾಟಿಫೋಲಿಯಾದ್ದು ಅಗಲವಾದ, ಅಂಚು ಅಲೆಯಲೆಯಾದ ಮೆತ್ತನೆಯ ‘ಎಲೆ’. ಕಾಯಿ ಸಿಕ್ಕರೆ ಸಂಶಯವೇ ಉಳಿಯುವುದಿಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ಹಂತ 5: ಹೂಗಳು ಎಲ್ಲಿ ಕೂತಿವೆ

ರೆಂಬೆಯ ತುದಿಯಲ್ಲಿ ಗೊಂಚಲಾಗಿವೆಯೇ, ಎಲೆಯ ಕಂಕುಳಲ್ಲಿ (ಎಲೆ ರೆಂಬೆಗೆ ಕೂಡುವ ಮೂಲೆಯಲ್ಲಿ) ಒಂಟಿಯಾಗಿವೆಯೇ, ಜೋಡಿಯಾಗಿವೆಯೇ? ರೆಟಾರ್ಟಾದಲ್ಲಿ ತುದಿಯಲ್ಲೋ ತುದಿಯ ಹತ್ತಿರದ ಎಲೆಗಳ ಕಂಕುಳಲ್ಲೋ ಕೆಲವೇ ಹೂಗಳ ಗೊಂಚಲು. ಫ್ಲೋರಿಬಂಡಾದಲ್ಲಿ ಹೂಗಳು ಎಲೆಗಳ ಕಂಕುಳಲ್ಲಿ ಜೋಡಿ ಜೋಡಿಯಾಗಿ ರೆಂಬೆಯುದ್ದಕ್ಕೂ ಸಾಲುಗಟ್ಟಿ, ಇಡೀ ರೆಂಬೆಯೇ ಹೂವಿನ ದಂಡೆಯಾಗಿರುತ್ತದೆ. ಹತ್ತು ಮಾರು ದೂರದಿಂದಲೇ ಹೇಳಬಹುದಾದ ವ್ಯತ್ಯಾಸ ಇದು.

ಹಂತ 6: ಹೂವಿನೊಳಗೆ

ಹೊರಗಿನಿಂದ ಒಳಗೆ ಹೋಗಿ. ಮೊದಲು ಹೂವಿನ ಬುಡದ ಹಸಿರು ಬಟ್ಟಲು, ಕ್ಯಾಲಿಕ್ಸ್. ಅದರ ಅಂಚಿನಲ್ಲಿ ಐದು ಹಲ್ಲುಗಳಿವೆ, ಮೇಲಿನ ಎರಡು ಅರ್ಧದವರೆಗೂ ಕೂಡಿಕೊಂಡು ಒಂದು ಮೇಲ್ದುಟಿಯಾಗಿರುತ್ತವೆ. ಬಟ್ಟಲಿನ ಪಕ್ಕಕ್ಕೆ ಅಥವಾ ಕೆಳಗೆ ಬ್ರಾಕ್ಟಿಯೋಲ್ ಎಂಬ ಪುಟ್ಟ ಎಲೆಯಂಥ ಚೂರುಗಳ ಜೋಡಿ ಇದೆಯೇ ಹುಡುಕಿ. ಪುಲ್ಟೆನಿಯಾದಲ್ಲಿ ಇವು ಸಾಮಾನ್ಯವಾಗಿ ಬಟ್ಟಲಿಗೇ ಅಂಟಿಕೊಂಡು ಚೆನ್ನಾಗಿ ಕಾಣುತ್ತವೆ. ಏಯೋಟಸ್ ಮತ್ತು ಡೇವಿಸಿಯಾದಲ್ಲಿ ಇರುವುದೇ ಇಲ್ಲ. ಕೆಲವು ಕುಲಗಳಲ್ಲಿ ಬೇಗ ಉದುರಿಹೋಗುತ್ತವೆ, ಆದ್ದರಿಂದ ಅರಳಿದ ಹೂವಿನ ಜೊತೆ ಒಂದು ಮೊಗ್ಗನ್ನೂ ನೋಡಿ.

ಇನ್ನು ದಳಗಳು. ಐದು ದಳ, ಮೂರು ಬಗೆ: ಹಿಂದೆ ಎದ್ದು ನಿಂತ ದೊಡ್ಡ ಧ್ವಜದಳ ಒಂದು, ಪಕ್ಕದ ರೆಕ್ಕೆದಳ ಎರಡು, ನಡುವೆ ಎರಡು ಕೂಡಿ ಆದ ದೋಣಿದಳ. ನಮ್ಮ ಅವರೆ, ಅಲಸಂದೆ, ತೊಗರಿಗಳದ್ದೂ ಇದೇ ವಿನ್ಯಾಸ. ಡಿಲ್ವಿನಿಯಾದಲ್ಲಿ ಧ್ವಜದಳ ಉದ್ದಕ್ಕಿಂತ ಬಹಳ ಅಗಲ, ಹೆಚ್ಚುಕಡಿಮೆ ಎರಡರಷ್ಟು. ಮುಂದಿನಿಂದ ನೋಡಿದರೆ ಎರಡು ಕಡೆಗೂ ಚಾಚಿದ ಪಟ್ಟಿ. ಪುಲ್ಟೆನಿಯಾದ ಧ್ವಜದಳ ಬಹುಮಟ್ಟಿಗೆ ದುಂಡು. ಅಳೆದೇ ಬರೆಯಿರಿ, ಕಣ್ಣಂದಾಜು ಇಲ್ಲಿ ಮೋಸ ಮಾಡುತ್ತದೆ, ಏಕೆಂದರೆ ಹಳೆಯ ಹೂವಿನ ಧ್ವಜದಳ ಹಿಂದಕ್ಕೆ ಮಡಚಿಕೊಂಡಿರುತ್ತದೆ.

ಧ್ವಜದಳದ ಬುಡದ ಕೆಂಪು ಗುರುತು ಜೇನುಹುಳಕ್ಕೆ ದಾರಿ ತೋರಿಸುವ ಗೆರೆ. ಹುಳ ಬಂದು ಕೂತಾಗ ಅದರ ಭಾರಕ್ಕೆ ರೆಕ್ಕೆ, ದೋಣಿಗಳು ಕೆಳಗೆ ಕುಸಿದು ಒಳಗಿನ ಕೇಸರ ಹೊರಬಂದು ಹುಳದ ಹೊಟ್ಟೆಗೆ ಪರಾಗ ಬಳಿಯುತ್ತದೆ. ಸೂಜಿಯ ತುದಿಯಿಂದ ದೋಣಿದಳವನ್ನು ಮೆಲ್ಲಗೆ ಒತ್ತಿದರೆ ನೀವೂ ಇದನ್ನು ನೋಡಬಹುದು. ಈ ಬಣ್ಣದ ಆಕರ್ಷಣೆ ಎಷ್ಟೆಂದರೆ, ಡಾಂಕಿ ಆರ್ಕಿಡ್ ಎಂಬ ಡಯೂರಿಸ್ ಕುಲದ ಕೆಲವು ಆರ್ಕಿಡ್‌ಗಳು ಇದೇ ಹಳದಿ-ಕಂದುಗೆಂಪು ವೇಷ ಹಾಕಿ, ಮಕರಂದ ಕೊಡದೆಯೇ ಬಟಾಣಿ ಹೂವಿನ ಹುಳಗಳನ್ನು ಸೆಳೆದು ಪರಾಗಸ್ಪರ್ಶ ಮಾಡಿಸಿಕೊಳ್ಳುತ್ತವೆ. ಪೊದೆಯಲ್ಲದೆ ನೆಲದಿಂದ ನೇರ ಎದ್ದ ಒಂಟಿ ಕಡ್ಡಿಯಲ್ಲಿ ಇಂಥ ಹೂ ಕಂಡರೆ ಈ ಮೋಸಗಾರನನ್ನು ನೆನಪಿಸಿಕೊಳ್ಳಿ.

ದೋಣಿಯನ್ನು ಒತ್ತಿ ಹಿಡಿದಿರುವಾಗಲೇ ಕೇಸರ ನೋಡಿ. ಒಟ್ಟು ಹತ್ತು. ಸೂಜಿಯಿಂದ ಒಂದನ್ನು ಪಕ್ಕಕ್ಕೆ ತಳ್ಳಿ: ಅದೊಂದೇ ಸರಿದರೆ ಕೇಸರಗಳು ಬಿಡಿ. ಡಿಲ್ವಿನಿಯಾ, ಪುಲ್ಟೆನಿಯಾ, ಡೇವಿಸಿಯಾ, ಏಯೋಟಸ್ ಎಲ್ಲದರಲ್ಲೂ ಹತ್ತೂ ಬಿಡಿ. ಅವರೆ, ತೊಗರಿಗಳಲ್ಲಿ ಒಂಬತ್ತು ಬುಡದಲ್ಲಿ ಕೂಡಿ ಕೊಳವೆಯಾಗಿ ಒಂದು ಮಾತ್ರ ಬೇರೆ ನಿಲ್ಲುತ್ತದೆ. ಹಸಿರು ಗೊಬ್ಬರಕ್ಕೆ ಬೆಳೆಯುವ ಸಣಬಿನಲ್ಲಿ ಹತ್ತೂ ಕೂಡಿವೆ. ಬಾಸಿಯಾದಲ್ಲಿ ಎಲ್ಲವೂ ಕೂಡಿ, ಮೇಲ್ಗಡೆ ಮಾತ್ರ ಸೀಳಿದ ಹಾಳೆಯಾಗಿರುತ್ತದೆ. ಇಡೀ ವರ್ಣನೆಯಲ್ಲಿ ನನಗೆ ಅತಿ ಮೆಚ್ಚಿನ ಪರೀಕ್ಷೆ ಇದು. ಅರ್ಧ ನಿಮಿಷದ ಕೆಲಸ, ಆದರೆ ಗಿಡ ಯಾವ ಬಳಗದ್ದು ಎಂಬುದನ್ನು ಬಣ್ಣ, ಎಲೆ ಎರಡಕ್ಕಿಂತ ಗಟ್ಟಿಯಾಗಿ ಹೇಳುತ್ತದೆ.

ಪರಕೀಯ ಕಳೆಗಳನ್ನು ಬೇರ್ಪಡಿಸುವುದಕ್ಕೂ ಇದೇ ಪರೀಕ್ಷೆ. ಯುರೋಪಿನಿಂದ ಬಂದು ಇಲ್ಲಿ ಕಾಡು ಹಿಡಿದಿರುವ ಗಾರ್ಸ್ ಮತ್ತು ಬ್ರೂಮ್ ಗಿಡಗಳದ್ದೂ ಹಳದಿ ಬಟಾಣಿ ಹೂವೇ. ಅವುಗಳ ಹತ್ತೂ ಕೇಸರ ಕೂಡಿ ಕೊಳವೆಯಾಗಿವೆ. ಊಟಿಯ ಹುಲ್ಲುಗಾವಲುಗಳಲ್ಲಿ ನೀವು ಕಂಡಿರಬಹುದಾದ ಹಳದಿ ಹೂವಿನ ಮುಳ್ಳುಪೊದೆ ಇದೇ ಗಾರ್ಸ್.

ಕೊನೆಗೆ ನಡುವಿನ ಹೆಣ್ಣು ಭಾಗ. ಡಿಲ್ವಿನಿಯಾದಲ್ಲಿ ಶಲಾಕೆ, ಅಂದರೆ ಅಂಡಾಶಯದ ಮೇಲಿನ ಕಡ್ಡಿ, ಗಿಡ್ಡ, ದಪ್ಪ, ತುದಿಯ ಹತ್ತಿರ ಕೊಕ್ಕೆಯಂತೆ ಬಾಗಿರುತ್ತದೆ. ಪುಲ್ಟೆನಿಯಾದಲ್ಲಿ ತೆಳ್ಳಗೆ ಚೂಪಾಗುತ್ತ ಹೋಗುತ್ತದೆ. ಅಂಡಾಶಯದೊಳಗೆ ಎರಡೇ ಅಂಡ.

ಹಂತ 7: ಕಾಯಿ, ಬೀಜ

ಹೂವಿನ ಕಾಲದಲ್ಲಿ ಕಾಯಿ ಸಿಗುವುದು ಅಪರೂಪ. ವಸಂತ ಕಳೆದು ಬೇಸಿಗೆ ಹತ್ತಿರವಾದಾಗ ಅದೇ ಗಿಡಕ್ಕೆ ಮತ್ತೆ ಹೋಗಿ. ಡಿಲ್ವಿನಿಯಾದ್ದು ಗುಂಡಗೆ ಉಬ್ಬಿದ, ಅರ್ಧ ಸೆಂಟಿಮೀಟರ್ ಆಸುಪಾಸಿನ ಪುಟ್ಟ ಕಾಯಿ. ಡೇವಿಸಿಯಾದ್ದು ಚಪ್ಪಟೆಯಾದ ತ್ರಿಕೋನ, ಈ ನೆರೆಹೊರೆಯಲ್ಲಿ ಅಂಥ ಕಾಯಿ ಬೇರೆಯದಕ್ಕಿಲ್ಲ. ಇಂಥದೇ ಹೂವಿನ ಇನ್ನೊಂದು ಕುಲ ಗಾಂಫೊಲೋಬಿಯಂನದ್ದು ಗಾಳಿ ತುಂಬಿದ ಬುಡ್ಡೆ.

ಬೀಜದ ಸಿಪ್ಪೆ ಬಲು ಗಟ್ಟಿ. ಇರುವೆಗಳು ಬೀಜದ ತುದಿಯ ಮೆತ್ತನೆಯ ತಿನಿಸಿಗೋಸ್ಕರ ಅದನ್ನು ಗೂಡಿಗೆ ಹೊತ್ತೊಯ್ಯುತ್ತವೆ, ಕಾಡುಬೆಂಕಿಯ ಕಾವು ತಾಗಿ ಸಿಪ್ಪೆ ಬಿರಿಯುವವರೆಗೆ ಅದು ಮಣ್ಣಿನೊಳಗೆ ಕಾಯುತ್ತದೆ. ನರ್ಸರಿಯ ಬೀಜ ಬಿತ್ತುವವರು ಬೆಂಕಿಯ ಬದಲು ಕುದಿಯುವ ನೀರು ಸುರಿದು, ರಾತ್ರಿಯಿಡೀ ನೆನೆಸಿ ಬಿತ್ತುತ್ತಾರೆ. ನಿಮ್ಮ ಗಿಡ ಇತ್ತೀಚೆಗೆ ಸುಟ್ಟ ಜಾಗದಲ್ಲಿದ್ದರೆ ಅದನ್ನೂ ಬರೆಯಿರಿ.

ಕಾಯಿ ಕಂಡ ಕೂಡಲೇ ಅವರೆಕಾಯಿ ಸೀಸನ್ ನೆನಪಾಗಿ ಬಾಯಿಗೆ ಹಾಕಿಕೊಳ್ಳುವ ಆಸೆ ಬೇಡ. ಬಟಾಣಿ ಕುಟುಂಬ ಎಂದ ಮಾತ್ರಕ್ಕೆ ತಿನ್ನಬಹುದು ಎಂದಲ್ಲ. ಪಶ್ಚಿಮ ಆಸ್ಟ್ರೇಲಿಯಾದ ನೈಋತ್ಯ ಭಾಗದಲ್ಲಿ ಬೆಳೆಯುವ, ಇದೇ ಬಗೆಯ ಹೂವಿನ ಗ್ಯಾಸ್ಟ್ರೊಲೋಬಿಯಂ ಗಿಡಗಳಲ್ಲಿ ಫ್ಲೋರೊಅಸಿಟೇಟ್ ಎಂಬ ವಿಷವಿದೆ. ನರಿ, ಮೊಲಗಳನ್ನು ಕೊಲ್ಲಲು ಬಳಸುವ 1080 ಎಂಬ ವಿಷವೂ ಅದೇ. ಅಲ್ಲಿನ ಮೂಲ ಪ್ರಾಣಿಗಳಲ್ಲಿ ಹಲವು ಅದನ್ನು ತಡೆದುಕೊಳ್ಳುತ್ತವೆ, ದನ ಕುರಿಗಳು ಸಾಯುತ್ತವೆ.

ಹಂತ 8: ಬರೆಯುವುದು

ಸಸ್ಯವರ್ಣನೆಯಲ್ಲಿ ಕ್ರಮ ಬದಲಾಗುವುದಿಲ್ಲ: ನಿಲುವು, ರೆಂಬೆ, ಎಲೆ, ಹೂಗೊಂಚಲು, ಕ್ಯಾಲಿಕ್ಸ್, ದಳ, ಕೇಸರ, ಅಂಡಾಶಯ, ಕಾಯಿ, ಬೀಜ, ಆಮೇಲೆ ಜಾಗ ಮತ್ತು ಕಾಲ. ಕ್ರಿಯಾಪದಗಳನ್ನು ಬಿಟ್ಟುಬಿಡಿ. ‘ಸುಂದರ’, ‘ಆಕರ್ಷಕ’ ಮುಂತಾದವು ಬೇಡವೇ ಬೇಡ, ಅಳೆಯಲಾಗದ್ದು ಇಲ್ಲಿ ಸಲ್ಲದು. ನಮ್ಮ ಗಿಡದ ವರ್ಣನೆ ಹೀಗಿರಬಹುದು:

ಡಿಲ್ವಿನಿಯಾ ರೆಟಾರ್ಟಾ. ನೇರ ಅಥವಾ ಹರಡುವ ಪೊದೆ, ಎತ್ತರ 3 ಮೀ.ವರೆಗೆ. ಎಲೆ ಪರ್ಯಾಯ, ರೇಖಾಕಾರ, 4–12 ಮಿ.ಮೀ. ಉದ್ದ, ತಿರುಚಿದ್ದು, ಮೇಲ್ಭಾಗದಲ್ಲಿ ಉದ್ದಕ್ಕೂ ಗೀರು, ಸ್ಟಿಪ್ಯೂಲ್ ಕಾಣದು. ಹೂಗಳು ರೆಂಬೆಯ ತುದಿಯಲ್ಲಿ ಅಥವಾ ಮೇಲಿನ ಕಂಕುಳುಗಳಲ್ಲಿ, ಸಣ್ಣ ಗೊಂಚಲಾಗಿ. ಕ್ಯಾಲಿಕ್ಸ್ ಐದು ಹಲ್ಲಿನದು, ಮೇಲಿನೆರಡು ಭಾಗಶಃ ಕೂಡಿದ್ದು. ದಳ ಹಳದಿ, ಕೆಂಪು ಗುರುತುಗಳೊಂದಿಗೆ. ಧ್ವಜದಳದ ಅಗಲ ಉದ್ದಕ್ಕಿಂತ ಬಹಳ ಹೆಚ್ಚು. ಕೇಸರ 10, ಬಿಡಿ. ಶಲಾಕೆ ಗಿಡ್ಡ, ತುದಿಯ ಬಳಿ ಕೊಕ್ಕೆ. ಕಾಯಿ ಉಬ್ಬಿದ್ದು, ಅಂಡಾಕಾರದಿಂದ ಗುಂಡಗೆ. ಮರಳುಗಲ್ಲಿನ ಮೇಲಿನ ಕುರುಚಲು ಮತ್ತು ತೆರೆದ ಯೂಕಲಿಪ್ಟಸ್ ಕಾಡು. ಹೂ ಚಳಿಗಾಲದ ಕೊನೆಯಿಂದ ವಸಂತದವರೆಗೆ.

ಇದು ಪ್ರಭೇದದ ವರ್ಣನೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಇರಬೇಕಾದದ್ದು ನೀವು ಕಂಡ ಆ ಒಂದು ಗಿಡದ ಅಳತೆಗಳು, ದಿನಾಂಕ ಮತ್ತು ಜಾಗದ ಸಮೇತ. ಎರಡನ್ನೂ ಬೆರೆಸಬೇಡಿ. ಪುಸ್ತಕದಲ್ಲಿ ಓದಿದ್ದನ್ನು ಗಿಡದಲ್ಲಿ ಕಂಡೆ ಎಂದು ಬರೆದುಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ. ಕಾಣದ ಭಾಗದ ಮುಂದೆ ‘ನೋಡಿಲ್ಲ’ ಎಂದು ಬರೆದರೆ ಸಾಕು.

ಹಂತ 9: ತಾಳೆ ನೋಡುವುದು

ಬರೆದು ಮುಗಿಸಿದ ಮೇಲೆಯೇ ಗುರುತಿನ ಕೀಲಿ, ಅಂದರೆ ಒಂದೊಂದೇ ಲಕ್ಷಣ ಕೇಳುತ್ತ ಹೆಸರಿಗೆ ತಲುಪಿಸುವ ಪ್ರಶ್ನೆಪಟ್ಟಿ, ತೆರೆಯಿರಿ. ನ್ಯೂ ಸೌತ್ ವೇಲ್ಸ್‌ಗೆ ಸಿಡ್ನಿಯ ಹರ್ಬೇರಿಯಂನ (ಒಣಗಿಸಿದ ಗಿಡಗಳ ಸಂಗ್ರಹಾಲಯದ) ಪ್ಲಾಂಟ್‌ನೆಟ್, ವಿಕ್ಟೋರಿಯಾಕ್ಕೆ ವಿಕ್‌ಫ್ಲೋರಾ, ಪಶ್ಚಿಮ ಆಸ್ಟ್ರೇಲಿಯಾಕ್ಕೆ ಫ್ಲೋರಾಬೇಸ್, ಮೂರೂ ಉಚಿತ ಜಾಲತಾಣಗಳು. ಫೋಟೊ ಹಾಕಿದರೆ ಹೆಸರು ಹೇಳುವ ಫ್ರೆಂಚ್ ಆ್ಯಪ್ ಒಂದಕ್ಕೂ ಪ್ಲಾಂಟ್‌ನೆಟ್ ಎಂದೇ ಹೆಸರು, ಅದು ಬೇರೆ.

ಗಿಡ, ಪ್ರಾಣಿಗಳ ಚಿತ್ರ ಹಾಕಿ ಬೇರೆಯವರಿಂದ ಗುರುತು ತಿಳಿಯುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಹಾಕುವುದಾದರೆ ಹೂವಿನ ಒಂದೇ ಚಿತ್ರ ಹಾಕಬೇಡಿ, ತಜ್ಞರು ಕುಲದ ಮಟ್ಟದಲ್ಲೇ ನಿಲ್ಲಿಸಿಬಿಡುತ್ತಾರೆ. ಇಡೀ ಗಿಡದ್ದು, ಹೂವಿನ ಮುಂಭಾಗದ್ದು, ಪಕ್ಕದಿಂದ ಕ್ಯಾಲಿಕ್ಸ್ ಕಾಣುವಂಥದ್ದು, ಎಲೆಯ ಮೇಲ್ಭಾಗ ಮತ್ತು ಕೆಳಭಾಗ ಎರಡರದ್ದು, ಎಲೆಯ ಬುಡದ್ದು ಬೇಕು. ಎಲೆಯ ಚಿತ್ರದಲ್ಲಿ ಪಕ್ಕಕ್ಕೆ ಸ್ಕೇಲು ಇರಲಿ. ಲೂಪನ್ನು ಮೊಬೈಲ್ ಕ್ಯಾಮೆರಾದ ಮೇಲೆ ಒತ್ತಿ ಹಿಡಿದರೆ ಗೀರು, ರೋಮ, ಸ್ಟಿಪ್ಯೂಲ್ ಎಲ್ಲ ಸ್ಪಷ್ಟವಾಗಿ ಬರುತ್ತವೆ. ಗಾಳಿಗೆ ರೆಂಬೆ ಅಲುಗುತ್ತಿದ್ದರೆ ಬೆಳಗ್ಗೆ ಬೇಗ ಹೋಗಿ.